ಮೂರನೆಯ ಬೋರ್ಡು

ದಿಂಬಿನ ಚೀಲದ ಒಂದು ತುದಿ ತಂತಿಯ ಮೇಲಿತ್ತು, ಇನ್ನೊಂದು ತುದಿ ನನ್ನ ಕೈಯಲ್ಲಿ. ಹಿಂಡಿದ ನೀರು ಮೊಣಕೈಯವರೆಗೆ ಇಳಿಯುತ್ತಿತ್ತು. ಅಷ್ಟರಲ್ಲಿ ತಾರಸಿಯ ಮೂಲೆಯ ಮೋಟಾರು ಕೋಣೆಯಿಂದ ಲಿಫ್ಟಣ್ಣ ತಲೆ ಹೊರಗೆ ಹಾಕಿದ.

“ದೊಡ್ಡಮ್ಮಾ, ಒಂದು ಹಳೇ ಬಟ್ಟೆ ಇದ್ರೆ ಕೊಡಿ. ಹತ್ತಿಯದೇ ಆಗ್ಬೇಕು.”

“ಇಲ್ಲಿರೋದೆಲ್ಲಾ ಹಳೇದೇ ಕಣೋ. ಯಾವುದು ಬೇಕು ತಗೋ,” ಅಂದೆ. ಮಾತಿಗೆ ಹೇಳಿದ್ದು. ಅವನು ನನ್ನ ಕೈಯಲ್ಲಿದ್ದ ಚೀಲವನ್ನೇ ಎಳೆದುಕೊಂಡು ಒಳಗೆ ಹೋದ.

ನಮ್ಮ ಆರು ಅಂತಸ್ತಿನ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನು ಅವನೇ. ನಾನು ಐದನೆಯ ಅಂತಸ್ತಿನವಳು, ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಾಕುವವಳು. ಆದ್ದರಿಂದ ಉಕ್ಕಿನ ಹಗ್ಗದ ವಿಷಯ ನನಗೆ ಗೊತ್ತಿರಬೇಕಾಗಿರಲಿಲ್ಲ. ಆದರೆ ಅವನು ಪ್ರತಿ ಸಲವೂ ವಿವರಿಸಿ ವಿವರಿಸಿ ನನಗೂ ಬಾಯಿಪಾಠವಾಗಿತ್ತು. ಲಿಫ್ಟಿನ ರೋಪು ಎಂದರೆ ಸಣ್ಣ ಸಣ್ಣ ಉಕ್ಕಿನ ಎಳೆಗಳ ಹೆಣಿಗೆ. ಸವೆದರೆ ಎಳೆ ತುಂಡಾಗಿ ಮುಳ್ಳಿನ ಹಾಗೆ ಏಳುತ್ತದೆ. ಗ್ರೀಸಿನಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ರೋಪಿಗೆ ಹತ್ತಿಬಟ್ಟೆ ಸುತ್ತಿ ಹಿಡಿದು ಲಿಫ್ಟನ್ನು ಮೆಲ್ಲಗೆ ಓಡಿಸಬೇಕು. ರೋಪು ಗಟ್ಟಿಯಿದ್ದರೆ ಬಟ್ಟೆಗೆ ಕೊಳೆಯಾಗುತ್ತದೆ. ಇಲ್ಲದಿದ್ದರೆ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ನನ್ನ ದಿಂಬಿನ ಚೀಲ ಹೊರಗೆ ಬಂತು. ಅದನ್ನು ಚೀಲ ಎಂದು ಗುರುತು ಹಿಡಿಯಲು ಹೊಲಿಗೆ ಹಾಕಿದ ನಾನೇ ಬೇಕಾಯಿತು.

“ಅಯ್ಯೋ, ಇದೇನೋ! ನಾಯಿಬಾಯಿಗೆ ಕೊಟ್ಟಿದ್ಯಾ?”

ಅವನು ಚಿಂದಿಯನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

“ಹಾಗಾದ್ರೆ ರೋಪು ಹೋಗಿದೆ ಅನ್ನು.”

ಲಿಫ್ಟಣ್ಣ ಆಕಾಶ ನೋಡಿದ, ನೀರಿನ ತೊಟ್ಟಿ ನೋಡಿದ, ಕೊನೆಗೆ ನನ್ನ ಬಕೆಟ್ಟು ನೋಡಿದ. ಆಮೇಲೆ ಬಹಳ ಗಂಭೀರವಾಗಿ, “ಪರ್ಹ್ಯಾಪ್ಸ್,” ಅಂದ.

ಈ ಪದ ಅವನ ಬಾಯಿಗೆ ಬಂದು ಸೇರಿದ್ದು ಹೇಗೆಂಬುದನ್ನು ಇಲ್ಲಿ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಇಡೀ ಕಟ್ಟಡ ಅದರ ಕೆಳಗೆ ನಿಲ್ಲಬೇಕಾಯಿತು.

ಕೆಳಗಿನ ಅಂತಸ್ತಿನಲ್ಲಿ ಬಣ್ಣದಂಗಡಿಯ ಗೋದಾಮು. ಅದರ ಪಕ್ಕದ ಕೋಣೆಯಲ್ಲಿ ಕೆಲಸದಿಂದ ಬಂದವರಿಗಾಗಿ ಒಬ್ಬ ಮೇಷ್ಟ್ರು ಸಂಜೆಯ ಶಾಲೆ ನಡೆಸುತ್ತಿದ್ದರು. ಮೇಷ್ಟ್ರು ಎಂದರೆ ಕಚೇರಿಯೊಂದರಲ್ಲಿ ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ನಾನೂ ಲಿಫ್ಟಣ್ಣನೂ ಒಂದೇ ಬೆಂಚು. ನನಗೆ ಓದು ಬೇಕಾಗಿತ್ತು. ಅವನಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಯುವಷ್ಟು ವಿದ್ಯೆ, ಜತೆಗೆ ಬಾಯಲ್ಲಿ ಆಡಲು ಒಂದೆರಡು ಘನವಾದ ಮಾತು ಬೇಕಾಗಿತ್ತು. ಒಂದು ಸಂಜೆ ಮೇಷ್ಟ್ರು ಹಲಗೆಯ ಮೇಲೆ ಪರ್ಹ್ಯಾಪ್ಸ್ ಎಂದು ದೊಡ್ಡದಾಗಿ ಬರೆದರು.

“ಇದರ ಜಾತಕ ಕೇಳಿ. ‘ಪರ್’ ಲ್ಯಾಟಿನ್ ಮನೆತನದ್ದು. ಮೂಲಕ, ದಾರಿಯಲ್ಲಿ, ಅಂತ ಅರ್ಥ. ‘ಹ್ಯಾಪ್’ ಉತ್ತರದ ಕಡಲಿನವರ ಮಾತು. ದೋಣೀಲಿ ಬಂದದ್ದು. ಅದೃಷ್ಟ, ಆಕಸ್ಮಿಕ, ಬಂದದ್ದು ಬಂತು, ಅಂತ. ಎತ್ತಣಿಂದೆತ್ತಣ ಸಂಬಂಧ! ಇಂಗ್ಲಿಷಿನವರು ಇಬ್ಬರನ್ನೂ ಹಿಡಿದು ಮದುವೆ ಮಾಡಿದರು. ಆಕಸ್ಮಿಕಗಳ ದಾರಿಯಲ್ಲಿ ಏನಾಗುತ್ತೋ ಆಗಲಿ, ಅದೇ ಪರ್ಹ್ಯಾಪ್ಸ್. ಈ ಹ್ಯಾಪಿಗೆ ಬೇರೆ ಮಕ್ಕಳೂ ಇದಾವೆ. ಒಳ್ಳೆ ಹ್ಯಾಪ್ ಸಿಕ್ಕವನು ಹ್ಯಾಪಿ. ಕೆಟ್ಟದ್ದು ಸಿಕ್ಕಿದರೆ ಮಿಸ್‌ಹ್ಯಾಪ್. ಒಬ್ಬನೇ ಅಪ್ಪ, ನೋಡಿ!”

“ನಮ್ಮಲ್ಲೂ ಹ್ಯಾಪುಮೋರೆ ಅಂತಾರಲ್ಲ ಸಾರ್?” ಅಂದೆ.

“ಅದು ಬೇರೆ ಸಂಸಾರ, ತಾಯೀ. ಅದನ್ನ ತಂದು ಇದಕ್ಕೆ ಗಂಟು ಹಾಕಬೇಡಿ,” ಅಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ ಪದದ ಬಳಕೆಯ ಗುಟ್ಟು ಹೇಳಿದರು. “ಹೌದು ಅಂದವನನ್ನ ನಾಳೆ ಕೇಳ್ತಾರೆ. ಇಲ್ಲ ಅಂದವನ ಜತೆ ಇವತ್ತೇ ಜಗಳ. ಪರ್ಹ್ಯಾಪ್ಸ್ ಅಂದವನ ಕೂದಲು ಕೊಂಕಿಸೋಕಾಗಲ್ಲ. ಕಚೇರೀಲಿ ಅಷ್ಟು ವರ್ಷ ಇದ್ದೆ, ಒಂದು ತಪ್ಪೂ ನನ್ನ ತಲೆಗೆ ಬರಲಿಲ್ಲ. ಎಲ್ಲಾ ಹ್ಯಾಪಿನ ತಲೆಗೇ.”

ಲಿಫ್ಟಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಾಯಾರಿದವನಿಗೆ ಬಾವಿ ಕಂಡ ಹಾಗೆ ಅವನಿಗೆ ಆ ಪದ ಕಂಡಿತು. ಮಾರನೆಯ ದಿನದಿಂದ ಊಟ ಆಯ್ತಾ ಎಂದರೂ ಪರ್ಹ್ಯಾಪ್ಸ್, ತಲೆನೋವು ಹೋಯ್ತಾ ಎಂದರೂ ಪರ್ಹ್ಯಾಪ್ಸ್.

ಇದನ್ನು ಸಹಿಸದವಳು ಒಬ್ಬಳೇ, ಅವನ ಅಕ್ಕ. ಆರನೆಯ ಅಂತಸ್ತಿನಲ್ಲಿ ಅಕ್ಕ ತಮ್ಮ ಇಬ್ಬರದೇ ಸಂಸಾರ. ತಾಯಿ ಹೋದ ಮೇಲೆ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು, ಆಮೇಲೆ ತನ್ನ ಗಂಡನನ್ನೂ ಕಳೆದುಕೊಂಡು ಇವನ ಜತೆಗೇ ಉಳಿದವಳು. ಅವಳ ಮೂತ್ರಪಿಂಡ ಎರಡೂ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ, ಯಂತ್ರಕ್ಕೆ ಕೈ ಕೊಟ್ಟು ಅರ್ಧ ದಿನ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಕಾಲು ಊದಿ ಕಂಬವಾಗಿದ್ದವು. ಕೋಣೆಯಿಂದ ಲಿಫ್ಟಿನ ಬಾಗಿಲಿಗೆ ಬರುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲಬೇಕಾಗುತ್ತಿತ್ತು. ದೇಹದಲ್ಲಿ ಊದದೆ, ಬಾಡದೆ, ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ನಾಲಿಗೆ ಒಂದೇ.

“ಹೂಂ ಅನ್ನೋ, ಇಲ್ಲ ಊಹೂಂ ಅನ್ನೋ. ಮಧ್ಯದಲ್ಲಿ ಏನೋ ಅದು, ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗೆ?”

“ಅದರ ಅರ್ಥ ನಿನಗೆ ಗೊತ್ತಾಗಲ್ಲ ಅಕ್ಕಾ. ಲ್ಯಾಟಿನ್ನು.”

“ಲ್ಯಾಟ್ರಿನ್ನೋ ಏನೋ. ಬಾಯಿ ತೊಳ್ಕೊಂಡು ಊಟಕ್ಕೆ ಬಾ.”

ದಿಂಬಿನ ಚೀಲ ಹರಿದ ದಿನದ ತನಕ ಇದು ತಮಾಷೆಯ ವಿಷಯ. ಆವತ್ತು ಮಧ್ಯಾಹ್ನ ಲಿಫ್ಟಣ್ಣ ನಮ್ಮ ಮನೆಯ ಹೊಸ್ತಿಲ ಮೇಲೆ ಬಂದು ಕೂತ. ಅವನ ಬಳಿ ಎರಡು ಬೋರ್ಡುಗಳಿದ್ದವು. ಹಸಿರಿನದು “ಚಾಲ್ತಿಯಲ್ಲಿದೆ,” ಕೆಂಪಿನದು “ಕೆಟ್ಟಿದೆ.” ಪರೀಕ್ಷೆ ಮಾಡಿದ ದಿನ ಯಾವುದಾದರೂ ಒಂದನ್ನು ಲಿಫ್ಟಿನ ಬಾಗಿಲಿಗೆ ತೂಗುಹಾಕಲೇಬೇಕು. ಕೆಂಪು ಹಾಕಿದರೆ ಲಿಫ್ಟ್ ತನಿಖೆಯ ಕಚೇರಿಗೆ ಅವನೇ ಕಾಗದ ಬರೆಯಬೇಕು. ಕಾಗದ ಮುಟ್ಟಿದ ಕೂಡಲೇ ಅವರು ಬಂದು ಬೀಗ ಜಡಿದು ಅರಗು ಒತ್ತುತ್ತಾರೆ. ಮಾಲೀಕ ಹೊಸ ರೋಪು ಹಾಕಿಸಿದ ಮೇಲೆ ಬೀಗ ತೆಗೆಯುತ್ತಾರೆ.

“ಹಾಕಿಸಲಿ ಬಿಡು, ಅವನ ಕಟ್ಟಡ ತಾನೇ,” ಅಂದೆ.

“ಹಿಂದಿನ ಬೀದೀಲೂ ಅವನದೇ ಕಟ್ಟಡ, ದೊಡ್ಡಮ್ಮಾ. ಅಲ್ಲಿ ಲಿಫ್ಟಿಗೆ ಬೀಗ ಹಾಕಿ ಎಷ್ಟು ವರ್ಷ ಆಯ್ತು? ಈಗ ಅದರೊಳಗೆ ಪಾರಿವಾಳ ಸಂಸಾರ ಮಾಡ್ತಿವೆ. ಮೊಮ್ಮಕ್ಕಳನ್ನೂ ಕಂಡ್ವು.”

ವಿಷಯ ಇಷ್ಟೇ. ಕೆಂಪು ಹಾಕಿದರೆ ಅಕ್ಕ ಆರನೆಯ ಅಂತಸ್ತಿನಲ್ಲಿ ಸಿಕ್ಕಿಕೊಂಡು, ಯಂತ್ರವಿಲ್ಲದೆ, ತನ್ನ ರಕ್ತದ ವಿಷದಲ್ಲೇ ಹೋಗುತ್ತಾಳೆ. ಹಸಿರು ಹಾಕಿದರೆ ರೋಪು ಎಂದಾದರೂ ಹರಿದು ಯಾರ ಸಮೇತ ಹೋಗುತ್ತದೋ ಗೊತ್ತಿಲ್ಲ. ಕೆಳಗೆ ಬೀಳುವ ಲಿಫ್ಟನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಕೊಕ್ಕೆಯೊಂದು ಇರುತ್ತದಂತೆ. ಅದಕ್ಕೆ ತುಕ್ಕು ಹಿಡಿದಿತ್ತು. ಅದು ಹಿಡಿಯುತ್ತದೆಯೇ ಎಂದು ಕೇಳಿದೆ. ಏನು ಉತ್ತರ ಬಂತೆಂದು ನಾನು ಬರೆಯಬೇಕಾಗಿಲ್ಲ.

ಸಂಜೆ ಮೇಷ್ಟ್ರ ಸಹಾಯದಿಂದ ಕಾಗದ ಸಿದ್ಧವಾಯಿತು. ಮೇಷ್ಟ್ರು ತಮ್ಮ ಇಡೀ ಕಚೇರಿ ಜೀವನದ ಸಾರವನ್ನು ಅದರಲ್ಲಿ ಹಿಂಡಿದ್ದರು. ರೋಪುಗಳು ಪರ್ಹ್ಯಾಪ್ಸ್ ಕೆಟ್ಟಿರಬಹುದೆಂದೂ, ಲಿಫ್ಟನ್ನು ಪರ್ಹ್ಯಾಪ್ಸ್ ನಿಲ್ಲಿಸುವುದು ಒಳಿತೆಂದೂ ಅದರ ತಾತ್ಪರ್ಯ. ಲಿಫ್ಟಣ್ಣ ಅದನ್ನು ಲಕೋಟೆಗೆ ಹಾಕಿದ, ಅಂಟಿಸಿದ, ಅಂಚೆಚೀಟಿಯನ್ನೂ ಹಚ್ಚಿದ. ಆಮೇಲೆ ಸ್ಪ್ಯಾನರುಗಳ ಚೀಲದಲ್ಲಿ ಇಟ್ಟುಕೊಂಡ. ಅಂಚೆಪೆಟ್ಟಿಗೆ ಬೀದಿಯ ತಿರುವಿನಲ್ಲೇ ಇತ್ತು. ಲಕೋಟೆ ಮಾತ್ರ ಚೀಲದಲ್ಲೇ ಉಳಿದು ದಿನೇ ದಿನೇ ಗ್ರೀಸು ಕುಡಿಯುತ್ತಾ ಕಪ್ಪಾಯಿತು.

ಬೋರ್ಡಿನ ಸಮಸ್ಯೆಯನ್ನು ಅವನೇ ಬಗೆಹರಿಸಿದ. ಬಣ್ಣದಂಗಡಿಯಿಂದ ಉಳಿದ ಹಳದಿ ಬಣ್ಣ ಕೇಳಿ ತಂದು, ಒಂದು ತಗಡಿಗೆ ಬಳಿದು, ಅದರ ಮೇಲೆ ಕಪ್ಪಿನಲ್ಲಿ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ಪರ್ಹ್ಯಾಪ್ಸ್ ಎಂದು ಬರೆದು ಲಿಫ್ಟಿನ ಬಾಗಿಲಿಗೆ ತೂಗುಹಾಕಿದ. ಲಿಫ್ಟುಗಳ ಚರಿತ್ರೆಯಲ್ಲಿ ಇಷ್ಟು ಸತ್ಯವಾದ ಬೋರ್ಡು ಇನ್ನೊಂದಿರಲಾರದು.

ಮರುದಿನ ಬೆಳಿಗ್ಗೆ ಕಟ್ಟಡಕ್ಕೆ ಕಟ್ಟಡವೇ ಅದರ ಮುಂದೆ ನಿಂತಿತು.

“ಹೊಸ ಕಂಪನಿ ಬಂದಿದೆ,” ಎಂದು ಕಾವಲುಗಾರ ಸಾರಿದ. “ಹೊರದೇಶದ್ದು. ಬಾಡಿಗೆ ಏರಿಸ್ತಾರೆ, ಬರ್ಕೊಳ್ಳಿ.”

ಬಾಡಿಗೆ ಎಂಬ ಮಾತು ಕಿವಿಗೆ ಬೀಳುತ್ತಲೇ ಮೂರನೆಯ ಅಂತಸ್ತಿನ ದರ್ಜಿಯ ಹೆಂಡತಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ನಾಲ್ಕನೆಯ ಅಂತಸ್ತಿನ ವಕೀಲರು ಕನ್ನಡಕ ಏರಿಸಿ, ಬೋರ್ಡನ್ನು ಎರಡು ಸಲ ಓದಿ, ತೀರ್ಪು ಕೊಟ್ಟರು.

“ಇದು ಕಂಪನಿಯಲ್ಲ. ಇದು ನೋಟೀಸು. ಹತ್ತಿದರೆ ಹತ್ತಿ, ಸತ್ತರೆ ಸಾಯಿರಿ, ನಮ್ಮನ್ನ ಕೇಳಬೇಡಿ ಅಂತ. ಬಹಳ ಬುದ್ಧಿವಂತ ಕರಡು. ಯಾರಯ್ಯಾ ಬರೆದವರು?”

“ನಾನೇ ಸಾರ್,” ಅಂದ ಲಿಫ್ಟಣ್ಣ, ಹೆಮ್ಮೆಯಿಂದಲೋ ಭಯದಿಂದಲೋ.

“ಹಾಗಾದ್ರೆ ಹೇಳು. ಹತ್ತಬಹುದೋ ಇಲ್ಲವೋ?”

“ಅದೇ ಸಾರ್, ಬರೆದಿದೀನಲ್ಲ.”

ಆ ದಿನವೇ, ನನ್ನೊಬ್ಬಳನ್ನು ಬಿಟ್ಟು ಎಲ್ಲರ ಬಾಯಲ್ಲೂ ಅವನ ಹೆಸರು ಲಿಫ್ಟಣ್ಣ ಹೋಗಿ ಪರ್ಹ್ಯಾಪ್ಸಣ್ಣ ಆಯಿತು. ಜನ ಎರಡು ಪಂಗಡವಾದರು. ಕೈಯಲ್ಲಿ ಸಾಮಾನು ಇಲ್ಲದಾಗ ಎಲ್ಲರಿಗೂ ಬೋರ್ಡಿನಲ್ಲಿ ಅಪಾಯ ಕಂಡಿತು, ಮೆಟ್ಟಿಲು ಹತ್ತಿದರು. ಎಣ್ಣೆಡಬ್ಬಿಯೋ ಗ್ಯಾಸ್ ಸಿಲಿಂಡರೋ ಇದ್ದಾಗ ಅದೇ ಬೋರ್ಡಿನಲ್ಲಿ ಆಶ್ವಾಸನೆ ಕಂಡಿತು. ಲಿಫ್ಟಣ್ಣ ಮಾತ್ರ ಒಂದು ನಿಯಮ ತಂದ. ಒಂದು ಸಲಕ್ಕೆ ಇಬ್ಬರೇ. ಮೂರನೆಯವರು ಕಾಲಿಟ್ಟರೆ ಓಡಿ ಬಂದು ತೋಳು ಹಿಡಿದು ಎಳೆಯುತ್ತಿದ್ದ. ದರ್ಜಿಯ ಹೆಂಡತಿ ಸ್ವಲ್ಪ ದಪ್ಪ. ಅವಳ ಜತೆ ಇನ್ನೊಬ್ಬರೂ ಬೇಡ ಎಂದು ಹೇಳಿ, ದರ್ಜಿಯಿಂದ ಬೈಸಿಕೊಂಡ.

ಇಷ್ಟರಲ್ಲಿ ತನಿಖೆಯ ಕಚೇರಿಯಿಂದ ವರ್ಷದ ಪರೀಕ್ಷೆಗೆ ಇನ್ಸ್‌ಪೆಕ್ಟರು ಬಂದರು. ಲಕೋಟೆಯ ಮೇಲೆ ವಿಳಾಸವಿದ್ದ ಮನುಷ್ಯನೇ ಖುದ್ದಾಗಿ ಎದುರಿಗೆ ಬಂದು ನಿಂತ ಹಾಗಾಯಿತು. ಲಿಫ್ಟಣ್ಣ ಚೀಲಕ್ಕೆ ಕೈ ಹಾಕಿದ್ದನ್ನು ನಾನೇ ನೋಡಿದೆ. ಕೈ ಒಳಗೇ ಉಳಿಯಿತು.

ಇನ್ಸ್‌ಪೆಕ್ಟರು ಬೋರ್ಡು ಓದಿದರು. “ಪರ್ಹ್ಯಾಪ್ಸ್... ಓಹೋ. ಕಂಪನಿ ಬದಲಾಯಿತೋ? ಈಗಿನವರು ಏನೇನೋ ಹೆಸರು ಇಡ್ತಾರಪ್ಪ. ಹೊರಗಿನದಾ?”

“ಪರ್ಹ್ಯಾಪ್ಸ್, ಸಾರ್.”

“ಅದು ಗೊತ್ತಾಯ್ತು ಮಾರಾಯ, ಓದಿದೆ. ರೋಪು ಹೇಗಿದೆ?”

“ಪರ್ಹ್ಯಾಪ್ಸ್...”

“ರೋಪೂ ಅವರದೇನಾ? ಒಳ್ಳೇದಾಯ್ತು. ಎಲ್ಲಾ ಒಂದೇ ಕಂಪನಿದು ಇದ್ರೆ ತಾಪತ್ರಯ ಇಲ್ಲ.”

“ಸಾರ್, ತಾವೊಂದು ಸಲ ಮೇಲೆ ಬಂದು ನೋಡಿದ್ರೆ...” ಎಂದು ಲಿಫ್ಟಣ್ಣ ಜಾಲರಿ ಬಾಗಿಲನ್ನು ಸರಿಸಿದ. ಅವನ ಕಣ್ಣಿನಲ್ಲಿ ಅಂಗಲಾಚಿಕೆಯಿತ್ತು. ತಾನು ಹೇಳಲಾರದ್ದನ್ನು ಈ ಮನುಷ್ಯ ಕಣ್ಣಾರೆ ಕಂಡು ಹೇಳಿಬಿಡಲಿ ಎಂದು.

ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. “ಏ, ಇಲ್ಲಪ್ಪ. ನಾನು ಲಿಫ್ಟ್ ಹತ್ತಲ್ಲ. ನನಗೆ ಮೊದಲಿಂದಲೂ ಲಿಫ್ಟು ಅಂದ್ರೆ ಎದೆ ಡವಡವ.”

“ಮೆಟ್ಟಿಲಿದೆ, ಸಾರ್.”

“ಮೊಣಕಾಲು.” ಇಷ್ಟು ಹೇಳಿ ಅವರು ಕೆಳಗೇ ನಿಂತು ರುಜು ಹಾಕಿ, ಬಾಗಿಲಿಗೊಂದು ಚೀಟಿ ಅಂಟಿಸಿ ಹೊರಟುಹೋದರು. ಸುಸ್ಥಿತಿಯಲ್ಲಿದೆ ಎಂದು ಚೀಟಿ. ಅದರ ಪಕ್ಕದಲ್ಲೇ ಹಳದಿ ಬೋರ್ಡು ಗಾಳಿಗೆ ತಿರುಗುತ್ತಿತ್ತು.

ಅದನ್ನು ಕಂಡು ವಕೀಲರಿಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ಮೆಟ್ಟಿಲಿನ ಬುಡದಲ್ಲಿ ಸೇರಿಸಿ ಲಿಫ್ಟಣ್ಣನನ್ನು ನಡುವೆ ನಿಲ್ಲಿಸಿದರು. ಥೇಟ್ ಕಟಕಟೆ. ಒತ್ತಾಯಕ್ಕೆ ಅವನು ಎಲ್ಲವನ್ನೂ ಹೇಳಿದ. ದಿಂಬಿನ ಚೀಲ, ಮುಳ್ಳು, ತುಕ್ಕು, ಬೀಗ, ಪಾರಿವಾಳ, ಅಕ್ಕ.

ಜನರ ಕರುಳು ಕಿತ್ತುಬಂತು. ನಮ್ಮ ಕಟ್ಟಡದವರು ಕಲ್ಲುಮನಸ್ಸಿನವರೆಂದು ಯಾರೂ ಹೇಳುವಂತಿಲ್ಲ. ಆದರೂ ಎರಡನೆಯ ಅಂತಸ್ತಿನವರನ್ನು ಮನೆ ಅದಲು ಬದಲು ಮಾಡಿಕೊಳ್ಳಿ ಎಂದು ಕೇಳಿದಾಗ ಅವರಿಗೆ ಆರನೆಯ ಅಂತಸ್ತಿನ ಗಾಳಿ ಒಗ್ಗುವುದಿಲ್ಲವೆಂದು ತಿಳಿದುಬಂತು. ಆಗ ದರ್ಜಿ ಎದ್ದು ನಿಂತು, “ಏನು ಮಹಾ! ಕುರ್ಚೀಲಿ ಕೂರಿಸ್ಕೊಂಡು ನಾವೇ ಇಳಿಸ್ತೀವಿ. ನಾವೆಲ್ಲಾ ಇರೋದು ಯಾತಕ್ಕೆ? ಹಾಕಯ್ಯಾ ನಿನ್ನ ಕೆಂಪು ಬೋರ್ಡು!” ಎಂದು ಅಂಗಿಯ ತೋಳು ಮಡಿಸಿದ. ಚಪ್ಪಾಳೆ ಬಿತ್ತು. ಕಾವಲುಗಾರನಿಗೆ ಕಣ್ಣೀರು ಬಂತು.

ಮೊದಲ ದಿನದ ವೈಭವವನ್ನು ಏನೆಂದು ಹೇಳಲಿ! ಕುರ್ಚಿ ಹಿಡಿಯಲು ಜಾಗ ಸಿಗದೆ ಜನ ಜಗಳವಾಡಿದರು. ಹಿಡಿದವರಿಗಿಂತ ದಾರಿ ಬಿಡಿ ದಾರಿ ಬಿಡಿ ಎನ್ನುವವರು ಹೆಚ್ಚು. ವಕೀಲರು ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ, “ಎಡಕ್ಕೆ! ನಿಮ್ಮ ಎಡ ಅಲ್ಲ, ನನ್ನ ಎಡ!” ಎಂದು ನಿರ್ದೇಶನ ಕೊಟ್ಟರು. ಮೂರನೆಯ ಅಂತಸ್ತಿನ ತಿರುವಿನಲ್ಲಿ ಕುರ್ಚಿ ಮೆಟ್ಟಿಲಿನ ಕಂಬಿಗೆ ಸಿಕ್ಕಿ, ಅಕ್ಕ ಅರ್ಧ ಆಕಾಶದಲ್ಲಿ ವಾಲಿ ನಿಂತಳು.

“ಅಯ್ಯಾ, ನಾನು ಬೀರು ಅಲ್ಲ, ಹೆಂಗಸು!” ಎಂದು ಮೇಲಿನಿಂದ ಕೂಗಿದಳು. “ಆ ಲಿಫ್ಟಾದ್ರೂ ಒಂದೇ ಸಲ ಬೀಳತ್ತೆ. ನೀವು ಮೆಟ್ಟಿಲಿಗೊಂದು ಸಲ ಬೀಳಿಸ್ತೀರಲ್ರೋ!”

ಹೇಗೋ ಇಳಿಸಿದರು, ಸಂಜೆ ಹೇಗೋ ಹತ್ತಿಸಿದರು. ಮುಂದಿನ ಸಲ ದರ್ಜಿಗೆ ಸೊಂಟ ಹಿಡಿದಿತ್ತು. ವಕೀಲರಿಗೆ ವಿಚಾರಣೆ ಇತ್ತು. ಎರಡನೆಯ ಅಂತಸ್ತಿನವರ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು, ಒಳಗಿನಿಂದ ಕೆಮ್ಮೂ ಕೇಳುತ್ತಿತ್ತು. ಕಾವಲುಗಾರ ಒಬ್ಬನೇ ಬಂದು ಕುರ್ಚಿಯ ಒಂದು ಕಾಲು ಹಿಡಿದುಕೊಂಡು ಉಳಿದ ಮೂರು ಕಾಲಿಗಾಗಿ ಸುತ್ತ ನೋಡಿದ. ಅಕ್ಕ ಹೊರಡುವ ಬಟ್ಟೆ ಉಟ್ಟು, ಆಸ್ಪತ್ರೆಯ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಹೊತ್ತು ಏರುವ ತನಕ ಕಾದಳು.

“ಸಾಕು ಕಣೋ,” ಅಂದಳು ಕೊನೆಗೆ. “ಬಾಗಿಲು ತೆಗಿ. ನಿನ್ನ ಲ್ಯಾಟಿನ್ನಲ್ಲೇ ಹೋಗೋಣ.”

ಅಂದಿನಿಂದ ಹಾಗೆಯೇ ನಡೆಯಿತು, ಬಾಗಿಲಲ್ಲಿ ಹಳದಿ ಬೋರ್ಡೇ ಉಳಿಯಿತು. ಹಿಂದೆ ಅವಳನ್ನು ಲಿಫ್ಟಿನಲ್ಲಿ ಕೂರಿಸಿ, ಗುಂಡಿ ಒತ್ತಿ, ತಾನು ಮೆಟ್ಟಿಲಿಳಿದು ಹೋಗಿ ಕೆಳಗೆ ಬಾಗಿಲು ತೆಗೆಯುತ್ತಿದ್ದವನು ಈಗ ತಾನೂ ಒಳಗೆ ಹತ್ತಿ ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದ. ನಾನು ಐದನೆಯ ಅಂತಸ್ತಿನ ಬಾಗಿಲಲ್ಲಿ ಕೂತು ಕಾಜಾ ತೆಗೆಯುತ್ತಾ ಇದ್ದರೆ, ಜಾಲರಿಯ ಹಿಂದೆ ಇಬ್ಬರೂ ಕೆಳಗಿಳಿದು ಹೋಗುವುದು ಕಾಣುತ್ತಿತ್ತು. ಮೊದಲು ಕಾಲು, ಆಮೇಲೆ ಮುಖ, ಕೊನೆಗೆ ಮೇಲಿನ ರೋಪು. ಮಾತು ಮಾತ್ರ ಕೊನೆಯ ತನಕ ಮೇಲಕ್ಕೆ ಬರುತ್ತಿತ್ತು.

“ನೀನ್ಯಾಕೋ ಹತ್ತೀಯ? ಸುಮ್ನೆ ತೂಕ ಹೆಚ್ಚು.”

“ನಾನಿಲ್ದಿದ್ರೆ ದಾರೀಲಿ ಯಾರನ್ನ ಬೈತೀಯ?”

“ಆ ಕಾಗದ ಹಾಕ್ದೆಯೇನೋ?”

“ಹಾಕ್ತೀನಿ.”

“ಯಾವಾಗ? ನಾನು ಹೋದ ಮೇಲಾ?”

ಲಿಫ್ಟು ನಾಲ್ಕನೆಯ ಅಂತಸ್ತಿಗೆ ಇಳಿಯುತ್ತಿತ್ತು. ಅಲ್ಲಿಂದ ಅವನ ದನಿ ಬಂತು, ಆ ಹಾಳು ಪದವೇ. ಅಕ್ಕ ನಕ್ಕದ್ದೂ ಕೇಳಿಸಿತು.

ಅವಳು ಹೋದದ್ದು ಆಸ್ಪತ್ರೆಯ ದಿನ ಬೆಳಿಗ್ಗೆಯೇ. ಚಪ್ಪಲಿ ಹಾಕಿಕೊಂಡು, ಕೈಚೀಲ ಹಿಡಿದು, ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಲಿಫ್ಟನ್ನು ಮೇಲಕ್ಕೆ ಕರೆಸಲು ತಮ್ಮ ಹೋಗಿದ್ದ. ಲಿಫ್ಟು ಬಂತು, ಜಾಲರಿ ಸರಿಸಿದ, “ಬಾ ಅಕ್ಕಾ” ಅಂದ. ಎರಡನೆಯ ಸಲ ಅಂದ. ಮೂರನೆಯ ಸಲ ಕರೆದ ದನಿಗೆ ನಾನು ಸೂಜಿ ಬಿಟ್ಟು ಎದ್ದೆ.

ಹತ್ತಿರದ ವೈದ್ಯರು ಬಂದು ಕೈ ಹಿಡಿದು ನೋಡಿದರು. “ಹೋಗಿದಾರಾ?” ಎಂದು ವಕೀಲರು ಕೇಳಿದರು. “ಹೋಗಿದಾರೆ,” ಎಂದರು ವೈದ್ಯರು. ಅಷ್ಟೇ. ಎಷ್ಟೋ ತಿಂಗಳಲ್ಲಿ ಆ ಕಟ್ಟಡದಲ್ಲಿ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬಂದದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ಶವದ ಗಾಡಿ ಬಂದು ನಿಂತಿತು. ಆರನೆಯ ಅಂತಸ್ತಿನ ಹಜಾರದ ತುಂಬ ಜನ. ದರ್ಜಿಯ ಸೊಂಟ ಸರಿಯಾಗಿತ್ತು. ವಕೀಲರಿಗೆ ವಿಚಾರಣೆ ಇರಲಿಲ್ಲ. ಎರಡನೆಯ ಅಂತಸ್ತಿನವರು, ಅವರ ಮನೆಗೆ ಬಂದ ನೆಂಟರು, ಬಣ್ಣದಂಗಡಿಯವರು, ಮೇಷ್ಟ್ರು, ಎಲ್ಲರೂ ಬಂದಿದ್ದರು. ಅವಳು ಬದುಕಿದ್ದಾಗ ಒಂದು ಕುರ್ಚಿಗೆ ನಾಲ್ಕು ಜನ ಸಿಕ್ಕಿರಲಿಲ್ಲ. ಈಗ ಚಟ್ಟಕ್ಕೆ ಹೆಗಲು ಕೊಡಲು ಸರದಿ ನಿಂತಿತ್ತು.

ಲಿಫ್ಟು ಎದುರಿಗೇ ಬಾಗಿಲು ತೆರೆದುಕೊಂಡಿತ್ತು. ಬೆಳಿಗ್ಗೆ ಅವಳಿಗಾಗಿ ಬಂದದ್ದು ಹಾಗೇ ನಿಂತಿತ್ತು.

ವಕೀಲರು ಗಂಟಲು ಸರಿಪಡಿಸಿಕೊಂಡರು. “ಏನಪ್ಪಾ, ಲಿಫ್ಟಲ್ಲಿ ನಿಲ್ಲಿಸಿ ಇಳಿಸೋಣವಾ? ಜತೆಗೆ ನಾಲ್ಕು ಜನ ಹಿಡ್ಕೊಂಡು ನಿಲ್ತೀವಿ. ಆಗುತ್ತಲ್ವಾ?”

ಎಲ್ಲರೂ ಅವನ ಬಾಯಿ ನೋಡಿದರು. ಬರುವ ಪದ ಎಲ್ಲರಿಗೂ ಗೊತ್ತಿತ್ತು. ಕಾವಲುಗಾರನ ತುಟಿ ಆಗಲೇ ಅದರ ಆಕಾರಕ್ಕೆ ಬಂದಿತ್ತು.

“ಬೇಡ,” ಅಂದ ಲಿಫ್ಟಣ್ಣ.

“ಬೇಡ ಅಂದ್ರೆ... ಪರ್ಹ್ಯಾಪ್ಸ್ ಬೇಡ ಅಂತಲೋ?”

“ಬೇಡ. ಹರಿಯತ್ತೆ.”

ದರ್ಜಿಗೆ ಸಿಟ್ಟು ಬಂತು. “ಇದೊಳ್ಳೆ ಕತೆ ಆಯ್ತಲ್ಲಯ್ಯ! ಜೀವ ಇದ್ದೋಳನ್ನ ಇಷ್ಟು ದಿನ ಇದರಲ್ಲೇ ಇಳಿಸ್ದೆ. ಈಗ ಹೆಣಕ್ಕೆ ಅಪಾಯವಾ?”

“ಆಗ ಅವಳ ಜತೆ ನಾನೊಬ್ಬ ಇರ್ತಿದ್ದೆ,” ಅಂದ ಲಿಫ್ಟಣ್ಣ. “ಈಗ ನೀವು ನಾಲ್ಕು ಜನ ಹತ್ತಬೇಕು.”

ದರ್ಜಿ ತಲೆ ತಗ್ಗಿಸಿ ಮುಂದೆ ಬಂದು ತಲೆಯ ಕಡೆಯ ಬಿದಿರು ಹಿಡಿದ. ಮೆಟ್ಟಿಲ ಮೇಲೆ ಇಳಿಸಿದರು. ನನ್ನ ಎಡ ನಿನ್ನ ಎಡ ಎಂದು ವಕೀಲರು ಕೂಗಲಿಲ್ಲ. ಮೂರನೆಯ ಅಂತಸ್ತಿನ ತಿರುವಿನಲ್ಲಿ ಚಟ್ಟವೂ ಅದೇ ಕಂಬಿಗೆ ಸಿಕ್ಕಿತು. ಎಲ್ಲರೂ ಒಂದು ಕ್ಷಣ ನಿಂತರು, ಮೇಲಿನಿಂದ ಒಂದು ಬೈಗುಳ ಬರಬೇಕಾಗಿತ್ತು ಎಂಬಂತೆ. ಆಮೇಲೆ ನಿಧಾನವಾಗಿ ಬಿಡಿಸಿಕೊಂಡು ಇಳಿದರು.

ಎಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಅವನು ನನ್ನ ಹೊಸ್ತಿಲಿಗೆ ಬಂದ. ಗ್ರೀಸಿನಲ್ಲಿ ನೆನೆದ ಲಕೋಟೆಯನ್ನು ಒಡೆದು ಕಾಗದ ಹೊರತೆಗೆದಿದ್ದ. ಪಕ್ಕದಲ್ಲಿ ಮೇಷ್ಟ್ರು ಚಡಪಡಿಸುತ್ತಿದ್ದರು.

“ನೋಡಿ ತಾಯೀ, ಇವನು ಎರಡು ಕಡೆಯೂ ಪರ್ಹ್ಯಾಪ್ಸ್ ಹೊಡೆದುಹಾಕಿಬಿಟ್ಟ! ಹೀಗೆ ಬೋಳು ಬೋಳಾಗಿ ಬರೆದರೆ ಹೇಗೆ? ರೋಪುಗಳು ಕೆಟ್ಟಿವೆ. ಲಿಫ್ಟನ್ನು ನಿಲ್ಲಿಸಿ. ಇದೇನು, ಮರ್ಯಾದಸ್ಥರು ಬರೆಯುವ ಕಾಗದವೇ? ನಾಳೆ ಯಾರಾದರೂ ಕೇಳಿದರೆ ಇವನೇ ಉತ್ತರ ಹೇಳಬೇಕು.”

“ಹೇಳ್ತೀನಿ ಸಾರ್,” ಅಂದ ಲಿಫ್ಟಣ್ಣ. ಕಾಗದವನ್ನು ನನ್ನ ಕೈಗೆ ಕೊಟ್ಟು, “ದೊಡ್ಡಮ್ಮಾ, ನೀವೊಂದು ಸಲ ಓದಿ,” ಅಂದ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬೋಳಾಗಿತ್ತು ನಿಜ. ಆದರೆ ನನಗೂ ಒಂದೇ ಓದಿಗೆ ಅರ್ಥವಾಯಿತು.

ಹೊಸ ಲಕೋಟೆ ನಾನು ಕೊಟ್ಟೆ. ನನಗೆ ದಾರ ತರುವುದಿತ್ತು. ತಿರುವಿನ ತನಕ ಜತೆಗೆ ಹೋದೆ. ಮೆಟ್ಟಿಲಿಳಿಯುವಾಗ ಲಿಫ್ಟಿನ ಬಾಗಿಲಿಗೆ ಕೆಂಪು ಬೋರ್ಡು ತೂಗುತ್ತಿತ್ತು. ಹಳದಿ ತಗಡನ್ನು ಕಾವಲುಗಾರ ತನ್ನ ನೀರಿನ ಗಡಿಗೆಯ ಮೇಲೆ ಮುಚ್ಚಿಕೊಂಡಿದ್ದ, ಅಕ್ಷರ ಮೇಲಾಗಿ.

ಅಂಚೆಪೆಟ್ಟಿಗೆಯ ಮುಂದೆ ಲಿಫ್ಟಣ್ಣ ನಿಂತ. ಲಕೋಟೆಯನ್ನು ಬಾಯಿಗೆ ತೂರಿಸಿದ. ಅರ್ಧ ಒಳಗೆ ಹೋಯಿತು. ಇನ್ನರ್ಧದ ಮೂಲೆಯನ್ನು ಬೆರಳುಗಳು ಹಿಡಿದೇ ಇದ್ದವು. ಅವನು ಆ ಹಿಡಿತವನ್ನು ತಾನೇ ನೋಡುತ್ತಾ ನಿಂತ, ಬೇರೆಯವರ ಕೈ ಎಂಬಂತೆ. ನನಗೆ ಆತುರವಿರಲಿಲ್ಲ.

ಹಿಂದೆ ಯಾರೋ ಹೆಂಗಸು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಅಂಚೆ ಕಾರ್ಡು ಹಿಡಿದು ಕಾಯುತ್ತಿದ್ದಳು. ಅವಳಿಗೆ ನಮ್ಮ ಲಿಫ್ಟೂ ಗೊತ್ತಿಲ್ಲ, ಅಕ್ಕನೂ ಗೊತ್ತಿಲ್ಲ.

“ಬಿಡಪ್ಪಾ,” ಅಂದಳು. “ಹಿಡ್ಕೊಂಡೇ ಇದ್ರೆ ಹೇಗೆ? ಬಿಟ್ರೆ ತಾನೇ ಬೀಳೋದು.”

ಅವನು ಬಿಟ್ಟ. ಪೆಟ್ಟಿಗೆ ಖಾಲಿಯಿತ್ತೋ ಏನೋ, ತಳಕ್ಕೆ ಬಿದ್ದ ಸದ್ದು ನಮಗೆ ಮೂವರಿಗೂ ಕೇಳಿಸಿತು.